ಗುರುಲಿಂಗಮ್ಮನ ಬಲಗೈ

ನನ್ನನ್ನೂ ನನ್ನ ಇಬ್ಬರು ಮಕ್ಕಳನ್ನೂ ಕಾಲ ಮೇಲೆ ಹಾಕಿಕೊಂಡು ನೀರೆರೆದವಳು ಪಕ್ಕದ ಮನೆಯ ಗುರುಲಿಂಗಮ್ಮ. ಆದವಾನಿಯ ನಮ್ಮ ಓಣಿಯಲ್ಲಿ ಕೂಸು ಹುಟ್ಟಿತೆಂದರೆ ಮೊದಲು ಹೇಳಿಕಳಿಸುತ್ತಿದ್ದುದು ಅವಳಿಗೇ. ನಲವತ್ತು ವರ್ಷ ಎಣ್ಣೆ ತಿಕ್ಕಿ, ಬಿಸಿನೀರಿನ ಚೊಂಬು ಎತ್ತಿ ಹುಯ್ದ ಕೈ ಅದು.

ಎರಡು ವರ್ಷದ ಹಿಂದೆ ಆ ಬಲಗೈ ತಲೆ ಬಾಚಲೂ ಮೇಲೇಳದಾಯಿತು. ವಾಯು ಎಂದು ನೋವಿನ ಬಾಮು ತಿಕ್ಕಿಕೊಳ್ಳುತ್ತ ಕೂತಿದ್ದವಳನ್ನು ನಾನೇ ಜಗಳವಾಡಿ ಎಲುಬಿನ ಡಾಕ್ಟರ ಹತ್ತಿರ ಎಳೆದೊಯ್ದೆ. ಭುಜದ ಕೀಲಿನ ಮೆತ್ತನೆಯ ಪದರ ಸವೆದು ಎಲುಬಿಗೆ ಎಲುಬು ಉಜ್ಜುತ್ತಿದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ ಎಂದರು. ಬಿಸಿ ಕಾವು ಕೊಡಬೇಕು, ದಿನಾ ಬಾಗಿ ನಿಂತು ಕೈ ಇಳಿಬಿಟ್ಟು ಮೆಲ್ಲಗೆ ತೂಗಬೇಕು, ಭಾರ ಎತ್ತಬಾರದು.

"ಕೂಸು ಭಾರ ಅಲ್ಲಲ್ರಿ ಡಾಕ್ಟರಪ್ಪ?" ಎಂದಳು.

"ಅದನ್ನೇ ಮೊದಲು ಬಿಡ್ಬೇಕಮ್ಮ."

ಊರ ಕೂಸುಗಳನ್ನು ಬಿಟ್ಟಳು. ಆದರೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮಗಳು ತ್ರಿವೇಣಿ ಹೆತ್ತು ತವರಿಗೆ ಬಂದಳು. ಕೂಸು ಹೆಣ್ಣು.

"ಇದೊಂದು ಕೂಸಿಗೆ ಎರೀತೀನಿ. ಭುಜದ ಮಾತು ಆಕಿಗೆ ಹೇಳಬ್ಯಾಡ ರಾಮಲಕ್ಷ್ಮಿ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ಅಂದು ಹೂಂ ಎಂದುಬಿಟ್ಟೆ. ಅದಕ್ಕೆ ನನ್ನನ್ನು ನಾನು ಬೈದುಕೊಳ್ಳದ ದಿನವಿಲ್ಲ.

ನೋವು ತಡೆಯಲೆಂದು ಎರೆಯುವ ದಿನ ಬೆಳಿಗ್ಗೆ ಭುಜಕ್ಕೆ ಬಾಮು ದಪ್ಪಗೆ ಬಳಿದುಕೊಂಡಳು. ಕೈಯನ್ನು ಬರೀ ನೀರಲ್ಲಿ ತೊಳೆದು ಕೂಸಿಗೆ ಎಣ್ಣೆ ತಿಕ್ಕತೊಡಗಿದಳು. ಕೈಗೆ ಉಳಿದಿದ್ದ ಬಾಮಿನ ಉರಿಗೆ ಕೂಸು ಒಮ್ಮೆಲೇ ಕಿರುಚಿತು. ಎಳೆಯ ಮೈಯೆಲ್ಲ ಕೆಂಪು. ಗಾಬರಿಯಲ್ಲಿ ಎತ್ತಿಕೊಳ್ಳಲು ಹೋದಳು. ಬಲಗೈ ಏಳಲೇ ಇಲ್ಲ. ಕಾಲ ಮೇಲೆ ಕೂಸು ಹೊರಳುತ್ತಿತ್ತು. ಹಂಡೆಯಿಂದ ನೀರು ತೋಡುತ್ತಿದ್ದ ನಾನು ತಿರುಗುವಷ್ಟರಲ್ಲಿ ತ್ರಿವೇಣಿ ಹೆರಿಗೆಯ ಹೊಲಿಗೆಯ ನೋವನ್ನೂ ಮರೆತು ಓಡಿಬಂದು ಮಗುವನ್ನು ಕಸಿದುಕೊಂಡಳು.

"ಕೈ ಆಗಂಗಿಲ್ಲಂದ್ರ ಯಾಕ ಮುಟ್ಟಿದಿ ಅವ್ವ?"

ಸಂಜೆಗೆ ಕೆಂಪು ಇಳಿಯಿತು, ತ್ರಿವೇಣಿಯ ಸಿಟ್ಟೂ ಇಳಿಯಿತು. ಮರುದಿನದಿಂದ ಎರೆಯಲು ಮೂಕಮ್ಮ ಬಂದಳು. ಗುರುಲಿಂಗಮ್ಮನ ಕೈಕೆಳಗೇ ಕಲಿತವಳು.

ಈಗ ಗುರುಲಿಂಗಮ್ಮ ಡಾಕ್ಟರು ಹೇಳಿದ್ದನ್ನು ಒಂದು ದಿನವೂ ತಪ್ಪಿಸುವುದಿಲ್ಲ. ನೋವು ಕಡಿಮೆಯಾಗಿದೆ, ಕೈ ತಲೆ ಮುಟ್ಟುತ್ತದೆ. ಮೊನ್ನೆ ತ್ರಿವೇಣಿ ಕೂಸನ್ನು ತಂದು, "ಸುಮ್ನ ತೊಡಿಮ್ಯಾಲೆ ಹಾಕ್ಕೊಳ್ಳವ್ವ, ನಾ ಹಿಡ್ಕೊಂಡಿರ್ತೀನಿ," ಎಂದಳು. ಮುದುಕಿ ಎರಡೂ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು ಗೋಡೆಯ ಕಡೆ ತಿರುಗಿದಳು. ನನಗೆ ಅಳು ತಡೆಯಲಾಗಲಿಲ್ಲ. ಕೂಸಿಗೆ ನಾಲ್ಕು ತಿಂಗಳಾಯಿತು. ಆ ದಿನದ ಮೇಲೆ ಅಜ್ಜಿ ಅದನ್ನು ಮತ್ತೆ ಮುಟ್ಟಿಲ್ಲ.