ಬುರುಡೆ ಅಂಗಿಯವನ ಕೈಯಲ್ಲಿ ಗಣಪ್ಪ

ಬಸ್ಸು ಗಕ್ಕನೆ ನಿಂತಿತು, ನನ್ನ ತೊಡೆಯ ಮೇಲಿದ್ದ ಮಣ್ಣಿನ ಗಣಪ್ಪ ಜಾರಿದ. ಸೊಂಡಿಲು ಮುರಿದರೆ ಹಬ್ಬವೇ ಕೆಟ್ಟಂತೆ! ಪಕ್ಕದಲ್ಲಿ ನಿಂತಿದ್ದ ಹುಡುಗ ಗಪ್ಪನೆ ಹಿಡಿದ. ಹೆಗಲವರೆಗೆ ಕೂದಲು, ಕಿವಿಯಲ್ಲಿ ರಿಂಗು, ಕರಿ ಟೀಶರ್ಟಿನ ಮೇಲೆ ತಲೆಬುರುಡೆ. ಹಳಿಯಾಳದಲ್ಲಿ ಅವನು ಬಸ್ಸು ಹತ್ತಿದಾಗಲೇ ಗೋವಾದ ಗಾಂಜಾ ಗಿರಾಕಿ ಎಂದು ತೀರ್ಮಾನಿಸಿ, ತಾಳಿಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದೆ.

“ಇದೇನ್ ವೇಷಾನೋ ತಮ್ಮಾ?” ಎಂದೆ, ಉಪಕಾರ ಮರೆತು.

“ಕಾಕೂ, ಈ ಗಣಪ್ಪನ ಅಪ್ಪಂದೂ ಇದ ವೇಷ ಅಲ್ರೀ? ಉದ್ದ ಕೂದ್ಲಾ, ಕೊಳ್ಳಾಗ ಬುರುಡಿ!”

ಬಸ್ಸೆಲ್ಲ ನಕ್ಕಿತು. ದಾಂಡೇಲಿ ಬರುವವರೆಗೂ ಗಣಪ್ಪನನ್ನು ಅವನೇ ಹಿಡಿದುಕೊಂಡಿದ್ದ.

ಸೊಂಡಿಲು ಉಳಿಯಿತು, ದೇವರು ದೊಡ್ಡವನು. ಈಗ ಸೋಮವಾರ ಶಿವನ ಪಟಕ್ಕೆ ಹೂವೇರಿಸುವಾಗ ನಗು ಬರುತ್ತದೆ: ಅಂದು ಈ ಸ್ವಾಮಿಯೇ ಬಸ್ಸು ಹತ್ತಿದ್ದರೂ ನಾನು ತಾಳಿ ಬಚ್ಚಿಡುತ್ತಿದ್ದೆ!