ಕುರಿಬಣ್ಣದ ಹುಲ್ಲು

ನಮ್ಮ ಮನೆಯಲ್ಲಿ ಟೀ ಸೋಸುವ ಜರಡಿ ಎರಡಿವೆ. ಒಂದು ಟೀಗೆ, ಇನ್ನೊಂದು ಹುಲ್ಲಿಗೆ. ಅದಲುಬದಲಾಗದಿರಲೆಂದು ಹುಲ್ಲಿನದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಆದರೂ ಟೀ ಕುಡಿಯುವಾಗಲೆಲ್ಲ ಲೋಟದ ತಳ ನೋಡುತ್ತೇನೆ.

ಈ ಹುಲ್ಲಿನ ಹುಚ್ಚು ಹತ್ತಿದ್ದು ಹೆಂಡತಿಗೆ ಸೊಂಟದ ಆಪರೇಷನ್ ಆದ ಮೇಲೆ. ಮನೆಗೆ ಕಳಿಸುವಾಗ ಡಾಕ್ಟರು, "ದಿನಾ ಸ್ವಲ್ಪ ಸ್ವಲ್ಪ ಎಬ್ಬಿಸಿ ಕೂರಿಸ್ರಿ, ಮಲಗೇ ಇದ್ರೆ ಸೊಂಟ ಬಿಗಿದುಬಿಡುತ್ತೆ" ಎಂದಿದ್ದರು. ಅವಳು ಕೂರಲಿಲ್ಲ. ಹೊನ್ನಾಳಿಯ ನಮ್ಮ ಮನೆಯ ಗೋಡೆಯತ್ತ ಮುಖ ಮಾಡಿ ಮಲಗಿ, "ನಾಳೆ ಕೂರ್ತೀನಿ ಬಿಡ್ರಿ" ಎನ್ನುವಳು. ಮಾತಿನ ಮಲ್ಲಿ ಎಂದು ನಾನೇ ರೇಗಿಸುತ್ತಿದ್ದ ಹೆಂಗಸು ದಿನಕ್ಕೆ ಅದೊಂದೇ ಮಾತಾಡುತ್ತಿದ್ದಳು. ನನಗೋ ಹೊಳೆ ಏರಿದರೂ ಚಿಂತೆ, ಇಳಿದರೂ ಚಿಂತೆ; ಇನ್ನು ಇದನ್ನು ಕೇಳಬೇಕೆ? ಇವಳು ಏಳುವುದೇ ಇಲ್ಲವೇನೋ ಎಂದು ಹೆದರುತ್ತಾ, ಹೆದರಿದ್ದು ಕಾಣದಿರಲೆಂದು ಮಂಚದ ಪಕ್ಕ ಮೊಬೈಲ್ ಹಿಡಿದು ಕೂರುತ್ತಿದ್ದೆ. ಅದರಲ್ಲೊಮ್ಮೆ ಒಂದು ವಿಡಿಯೊದಲ್ಲಿ ಯಾರೋ ಆಟಿಕೆ ರೈಲಿನ ಪಕ್ಕದಲ್ಲಿ, ಹಲಗೆಯ ಮೇಲೆ, ಅಂಗೈಯಗಲದ ಹುಲ್ಲುಗಾವಲು ಮಾಡುವುದು ಕಂಡಿತು.

ಇವಳ ತವರು ಜಗಳೂರು ಕಡೆ. ಮನೆ ಹಿಂದಿನ ಬಯಲಿನಲ್ಲಿ ಕುರಿ ಕಾಯುತ್ತಾ ಬೆಳೆದವಳು. ಆ ಬಯಲನ್ನೇ ಮಾಡಿಕೊಟ್ಟರೆ ನೋಡುವ ಆಸೆಗಾದರೂ ಎದ್ದು ಕೂತಾಳು ಎಂದುಕೊಂಡೆ.

ಮರದ ಮಿಲ್ಲಿನಿಂದ ಹೊಟ್ಟು ತಂದೆ. ಜರಡಿ ಹಿಡಿದು, ಹಸಿರು ಬಣ್ಣದಲ್ಲಿ ನೆನೆಸಿ, ಮಾಳಿಗೆಯ ಮೇಲೆ ಒಣಗಿಸಿದೆ. ಗಾಳಿ ಬೀಸಿ ಪಕ್ಕದ ಮನೆಯ ಹಪ್ಪಳವೂ ಹಸಿರಾಯಿತು. ಹಲಗೆಗೆ ಅಂಟು ಬಳಿದು ಹೊಟ್ಟು ಉದುರಿಸಿದೆ. ವಿಡಿಯೊದವರು ಸೊಳ್ಳೆ ಬ್ಯಾಟಿನ ಕರೆಂಟಿನಿಂದ ಹುಲ್ಲಿನ ಎಳೆಗಳನ್ನು ನೆಟ್ಟಗೆ ನಿಲ್ಲಿಸುತ್ತಾರೆ. ನಾನು ಆ ಬ್ಯಾಟನ್ನು ಸೊಳ್ಳೆಗೆ ಬೀಸುವಾಗಲೂ ಚಪ್ಪಲಿ ಮೆಟ್ಟುವವನು. ಆ ಸಾಹಸ ಬಿಟ್ಟೆ.

ಒಣಗಿದ ಮೇಲೆ ಹಲಗೆ ತಂದು ಗೋಡೆಗೂ ಅವಳ ಮುಖಕ್ಕೂ ನಡುವೆ ಹಿಡಿದೆ.

"ಏನ್ರಿ ಇದು?"

"ನಿಮ್ಮೂರ ಬಯಲು ಕಣೇ."

ಸ್ವಲ್ಪ ಹೊತ್ತು ನೋಡಿದಳು. "ಇದು ನಿಮ್ಮ ಕಾಲುವೆ ನೀರಿನ ಗದ್ದೆ. ನಮ್ಮೂರಾಗೆ ಇಷ್ಟು ಹಸರು ಎಲ್ಲೈತೆ?"

"ಹುಲ್ಲು ಅಂದ್ಮೇಲೆ ಹಸಿರೇ ಅಲ್ವೇನೇ?"

"ಹೊಳೆ ದಂಡೆಯವರಿಗೆ ಅಷ್ಟೇ ಗೊತ್ತಿರೋದು. ನಮ್ಮ ಕಡೆ ಹುಲ್ಲು ಕುರಿಬಣ್ಣ ರೀ. ಕುರಿ ಮಲಗಿದ್ರೆ ಕುರಿ ಯಾವ್ದು, ಹುಲ್ಲು ಯಾವ್ದು ಗೊತ್ತಾಗಲ್ಲ. ಎಣಿಸಾಕೆ ಎಬ್ಬಿಸ್ಬೇಕು."

ಮದುವೆಯಾದಾಗಿನಿಂದ ಆ ಊರಿಗೆ ಹೋಗಿ ಬರುತ್ತಿದ್ದೇನೆ. ಹೋಗುವಾಗ ಕಣ್ಣು ಮಾತ್ರ ಹೊನ್ನಾಳಿಯದನ್ನೇ ಒಯ್ಯುತ್ತಿದ್ದೆ ಎಂದು ಕಾಣುತ್ತದೆ.

ಮರುದಿನದಿಂದ ಮಲಗಿದಲ್ಲಿಂದಲೇ ಅವಳ ಮೇಸ್ತ್ರಿಗಿರಿ. "ಟೀ ಚರಟ ಚೆಲ್ಲಬ್ಯಾಡ್ರಿ, ಒಣಗಿಸ್ರಿ, ನೆಲ ಆಗ್ತೈತೆ. ಗೋಣಿಚೀಲದ ನಾರು ಕತ್ತರಿಸ್ರಿ. ಸಣ್ಣಗೆ! ಕುರಿಗೆ ಹಾಕಾಕಲ್ಲ."

ಹಲಗೆಗೆ ಅಂಟಿಸಿದ ಚರಟದ ನೆಲಕ್ಕೆ ನಾರು ಚುಚ್ಚಲು ಮಂಚದ ಪಕ್ಕವೇ ಕೂತೆ. ಚಿಮುಟದಲ್ಲಿ ಒಂದೊಂದೇ ಎಳೆಗುಚ್ಛ ಹಿಡಿದು, ಅಂಟಿಗದ್ದಿ ಊರುತ್ತಾ ಹೋದೆ. ಒಳ್ಳೆಯ ಕೆಲಸ ಎಂದು ನನಗೇ ಹೆಮ್ಮೆ.

"ಅಯ್ಯೋ ನಿಮ್ಮ! ಭತ್ತದ ನಾಟಿ ಹಾಕ್ತಿದ್ದೀರಲ್ರಿ!"

ನೋಡಿದೆ. ನಿಜ. ಸಾಲು ಸಾಲು, ಸಾಲಿನ ನಡುವೆ ಗೇಣಿಟ್ಟ ಹಾಗೆ ಒಂದೇ ಅಂತರ. ಗದ್ದೆಯಲ್ಲಿ ಪಳಗಿದ ಕೈ ತನಗೆ ಗೊತ್ತಿದ್ದನ್ನೇ ಮಾಡಿತ್ತು.

"ಹುಲ್ಲು ಎಲ್ಲಾದ್ರೂ ಸಾಲು ಹಿಡಿದು ಬೆಳಿತೈತಾ? ಕೊಡ್ರಿ ಇಲ್ಲಿ ಚಿಮುಟ!"

ಮೊಣಕೈ ಊರಿದಳು. ಹಲ್ಲು ಕಚ್ಚಿದಳು. ಎದ್ದು ಕೂತಳು.

ಇದಕ್ಕಾಗಿಯೇ ಇಷ್ಟೆಲ್ಲ ಮಾಡಿದವನ ಬಾಯಿಂದ ಬಂದದ್ದು: "ಲೇ, ಮಲಕ್ಕೋ, ಹೊಲಿಗೆ ಬಿಚ್ಚಿಬಿಟ್ಟಾವು!"

"ಮಲಗಿದ್ರೆ ಕೂರು ಅಂತೀರಿ, ಕೂತ್ರೆ ಮಲಕ್ಕೋ ಅಂತೀರಿ. ಸುಮ್ನೆ ಬೆನ್ನು ಹಿಡ್ಕಳ್ರಿ."

ಬೆನ್ನಿಗೆ ಅಂಗೈ ಕೊಟ್ಟು ಕೂತೆ. ಅವಳು ನನ್ನ ಸಾಲುಗಳನ್ನು ಕಿತ್ತು, ಅಲ್ಲೊಂದು ಗುಪ್ಪೆ, ಇಲ್ಲೊಂದು ಗುಪ್ಪೆ ನೆಟ್ಟಳು. ನಡುವೆ ಬೆರಳಗಲ ಜಾಗವನ್ನು ಉದ್ದಕ್ಕೆ ಹಾಗೇ ಬಿಟ್ಟಳು.

"ಅಲ್ಲಿ ಬೋಳು ಉಳೀತಲ್ಲೇ."

"ಬೋಳಲ್ಲ. ನಾನು ಓಡಾಡಿದ ದಾರಿ ಅದು."

ನೋಯುತ್ತಿದೆಯಾ ಎಂದು ಕೇಳಲು ಬಾಯಿ ತುರಿಸುತ್ತಿತ್ತು. ಕೇಳಿದರೆ ನೆನಪಾಗಿ ಮಲಗಿಬಿಟ್ಟಾಳೆಂದು ಕೇಳಲಿಲ್ಲ. ಬೆನ್ನಿಗೆ ಕೊಟ್ಟ ಕೈ ಜೋಮು ಹಿಡಿಯಿತು. ಅಂಟು ಒಣಗುವವರೆಗೂ ತೆಗೆಯಲಿಲ್ಲ.