ಮಲ್ಲಕ್ಕನ ದನಿ ಕಾಯುವ ನಾಗಶ್ರೀ

ಬಿ.ದುರ್ಗದ ಆಚೆಗಿನ ಹಳ್ಳಿಯೊಂದರ ಸರ್ಕಾರಿ ಶಾಲೆ. ಇನ್ನೂ ಬೆಳಕು ಹರಿಯುತ್ತಿದೆ. ಶನಿವಾರವಾದ್ದರಿಂದ ಮಕ್ಕಳು ಬೇಗ ಬರುತ್ತಾರೆ. ನಾಗಶ್ರೀ ಸ್ಕೂಟರ್ ನಿಲ್ಲಿಸಿ ಒಳಗೆ ಹೋಗಿ, ಸೆರಗಿನಲ್ಲೇ ಕಂಪ್ಯೂಟರ್ ಪರದೆಯ ಮೇಲಿನ ಸೀಮೆಸುಣ್ಣದ ಧೂಳು ಒರೆಸುತ್ತಾರೆ. ಅಪಾಯಕಾರಿ ಫೈಲ್ ತೆಗೆದುಹಾಕಿದ್ದೇನೆ ಎಂದು ಆಂಟಿವೈರಸ್ ಹೆಮ್ಮೆಯಿಂದ ಹೇಳಿಕೊಂಡಿದೆ.

"ನಿಂದೇನು ತಪ್ಪಿಲ್ಲ ಬಿಡಪ್ಪ, ಹೊಸಬ ನೀನು. ಮಲ್ಲಕ್ಕನ ಗುರುತು ನಿನಗೆಲ್ಲಿ ಸಿಗ್ಬೇಕು?" ಎಂದು ಆಂಟಿವೈರಸ್‌ಗೇ ಹೇಳುತ್ತಾ ಕೆಲಸಕ್ಕೆ ಕೂರುತ್ತಾರೆ.

ಅದು ತೆಗೆದುಹಾಕಿರುವುದು 'ಅಕ್ಷರದ ರೊಪ್ಪ' ಎಂಬ ಆಟ. ಪರದೆಯ ತುಂಬ ಕುರಿಗಳು, ಒಂದೊಂದರ ಬೆನ್ನ ಮೇಲೂ ಒಂದು ಅಕ್ಷರ. ಮಗು ಕೀಲಿ ಒತ್ತಿದರೆ ಹೆಂಗಸಿನ ದನಿಯೊಂದು ಆ ಅಕ್ಷರವನ್ನು ಕೂಗಿ ಕರೆಯುತ್ತದೆ. ಕುರಿ ರೊಪ್ಪದ ಬೇಲಿಯೊಳಗೆ ಬರುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಮಾಡದಕೆರೆ ಹತ್ತಿರದ ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ಲಕ್ಷ್ಮೀಕಾಂತ್ ಮೇಷ್ಟ್ರು ಇದನ್ನು ಮಾಡಿದ್ದರು. ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದ ಮಲ್ಲಕ್ಕನನ್ನು ಕರೆದು ದನಿ ಕೊಡಿಸಿದ್ದರು. ಮಲ್ಲಕ್ಕನಿಗೆ ಓದಲು ಬಾರದು. ಮೇಷ್ಟ್ರು ಹೇಳಿಕೊಟ್ಟಂತೆ ಕೂಗಿದರು. 'ಙ' ಬಂದಾಗ ಮಾತ್ರ ನಗು ತಡೆಯಲಾಗಲಿಲ್ಲ. ಆ ನಗು ಹಾಗೇ ಉಳಿದಿದೆ.

"ನಾವಾಗ ಅದೇ ಶಾಲೇಲಿ ಎರಡನೇ ಕ್ಲಾಸು. ಆ ನಗು ಕೇಳಾಕೇ ಮತ್ತೆ ಮತ್ತೆ ಙ ಒತ್ತುತಿದ್ವಿ. ಈಗಿನ ಮಕ್ಕಳೂ ಹಂಗೇ ಅವೆ," ಎನ್ನುತ್ತಾರೆ ನಾಗಶ್ರೀ. ಐಟಿಐ ಓದಿದ ಅವರು ಹೊಸದುರ್ಗದಲ್ಲಿ ಸಣ್ಣ ರಿಪೇರಿ ಅಂಗಡಿ ಇಟ್ಟಿದ್ದಾರೆ. ಮೇಷ್ಟ್ರು ಕೈಯಿಂದ ಕೈಗೆ ಹಂಚಿದ್ದ ಆಟ ಸುತ್ತಲಿನ ಮೂವತ್ತು ಶಾಲೆಗಳಲ್ಲಿದೆ. ಅದು ಮಾಯವಾದಾಗಲೆಲ್ಲ ಫೋನು ಬರುವುದು ಇವರಿಗೇ.

ಆ ಆಟಕ್ಕೆ ಕಂಪನಿಯ ಹೆಸರಿಲ್ಲ, ಮೊಹರಿಲ್ಲ. ಮೇಲಾಗಿ ಒತ್ತಿದ ಪ್ರತಿ ಕೀಲಿಗೂ ಕಿವಿಗೊಡುತ್ತದೆ. ಗುಟ್ಟು ಕದಿಯುವ ಪ್ರೋಗ್ರಾಮುಗಳ ಲಕ್ಷಣವೂ ಇದೇ ಆದ್ದರಿಂದ ಆಂಟಿವೈರಸ್ ಅನುಮಾನಪಡುತ್ತದೆ. ಆ ಕಾವಲನ್ನೇ ಬಂದ್ ಮಾಡಿಬಿಡುವುದು ಸುಲಭ. ನಾಗಶ್ರೀ ಹಾಗೆ ಮಾಡುವುದಿಲ್ಲ. ಫೈಲನ್ನು ಮೊದಲು ಪರೀಕ್ಷಿಸಿ, ಆಮೇಲೆ ಅದೊಂದನ್ನು ಮಾತ್ರ ಮುಟ್ಟಬೇಡವೆಂದು ಆಂಟಿವೈರಸ್‌ಗೆ ಹೇಳಿಡುತ್ತಾರೆ.

ಹೋದ ವರ್ಷ ಹೊಳಲ್ಕೆರೆ ಕಡೆಯ ಶಾಲೆಯೊಂದರಲ್ಲೂ ಆಂಟಿವೈರಸ್ ಆಟವನ್ನು ತಡೆದಾಗ ಮುಖ್ಯೋಪಾಧ್ಯಾಯ ಮುರುಗಪ್ಪನವರು ಅವಸರ ಮಾಡಿದರು. "ನಮ್ಮ ಮಲ್ಲಕ್ಕಂದೇ ಅಲ್ಲೇನಮ್ಮ, ಬಿಟ್ಬಿಡು ಒಳಗೆ. ಮಕ್ಕಳು ಕಾಯ್ತಾ ಅವೆ."

ಪ್ರತಿ ಫೈಲಿಗೂ ಬೆರಳಚ್ಚಿನಂಥ ಗುರುತೊಂದು ಇರುತ್ತದೆ. ನಾಗಶ್ರೀ ಆ ಶಾಲೆಯ ಫೈಲಿನ ಗುರುತನ್ನು ತಮ್ಮ ಬಳಿಯ ಪ್ರತಿಯ ಗುರುತಿನ ಜೊತೆ ತಾಳೆ ನೋಡಿದರು. ಕೂಡಲಿಲ್ಲ. ಎರಡರಲ್ಲಿ ಕೆಟ್ಟಿದ್ದು ಯಾವುದು? ತಮ್ಮದೇ ಕೆಟ್ಟಿದ್ದರೆ, ತಾವು ಕೂರಿಸಿ ಬಂದ ಶಾಲೆಗಳ ಗತಿಯೇನು? ಅಂದೇ ಬಸ್ಸು ಹತ್ತಿ ಹಿರಿಯೂರಿಗೆ, ನಿವೃತ್ತರಾಗಿರುವ ಮೇಷ್ಟ್ರ ಮನೆಗೆ ಹೋದರು.

ಮೇಷ್ಟ್ರು ಬೀರುವಿನಿಂದ ಮೊದಲ ಸಿ.ಡಿ. ತೆಗೆದರು. ಎರಡು ಸಲ ತೆರೆಯದೆ ಮೊಂಡು ಹಿಡಿದದ್ದು ಮೂರನೆಯ ಸಲಕ್ಕೆ ತೆರೆಯಿತು. ಅದರಲ್ಲಿದ್ದ ಆಟದ ಗುರುತು ನಾಗಶ್ರೀಯವರ ಪ್ರತಿಗೆ ಕೂಡಿತು.

"ಆವತ್ತೇ ನನ್ನ ಹೆಸರು ಹಾಕಿದ್ರೆ ನಿನಗೀ ಕಷ್ಟ ಇರ್ತಿರ್ಲಿಲ್ವೇನೋ. ದನಿ ಅವಳ್ದು, ನಂದೇನೈತೆ ಅಂತ ಸುಮ್ಮನಾದೆ," ಎಂದರು ಮೇಷ್ಟ್ರು. ಬರೀ ಹೆಸರು ಸಾಲದು, ನಂಬಿಕಸ್ತ ಮೊಹರೂ ಬೇಕೆಂದು ಗೊತ್ತಿದ್ದ ನಾಗಶ್ರೀ ಸಿ.ಡಿ.ಯನ್ನು ಜೋಪಾನವಾಗಿ ಡಬ್ಬಿಗೆ ಹಾಕಿಕೊಟ್ಟರು.

ಯಾರದೋ ಪೆನ್‌ಡ್ರೈವಿನಿಂದ ಬಂದ ವೈರಸ್ ಆ ಶಾಲೆಯ ಪ್ರತಿಯೊಳಗೆ ಹೊಕ್ಕಿತ್ತು. ಮರುದಿನ ಅದನ್ನು ಅಳಿಸಿ, ಶುದ್ಧವಾದದ್ದನ್ನು ಕೂರಿಸಿದರು. "ಅದ್ರಲ್ಲೂ ಮಲ್ಲಕ್ಕನ ದನಿ ಚೆನ್ನಾಗೇ ಕೇಳ್ತಿತ್ತು ಸರ್. ಆದ್ರೂ ಅಳಿಸ್ಲೇಬೇಕಾಯ್ತು," ಎಂದು ಈಗ ನೆನೆಯುತ್ತಾರೆ. ಆಂಟಿವೈರಸ್ ಕಂಪನಿಯೊಂದಕ್ಕೆ ಅಸಲಿ ಫೈಲ್ ಕಳಿಸಿ, ಪರೀಕ್ಷಿಸಿರೆಂದು ಕೇಳಿಕೊಂಡರು. ಕೆಲವು ವಾರಗಳಲ್ಲಿ ಅದು ನಿರಪಾಯಕಾರಿಯೆಂದು ಉತ್ತರ ಬಂತು. ಉಳಿದ ಕಂಪನಿಗಳು ಇನ್ನೂ ಒಪ್ಪಬೇಕಿದೆ.

ನಾಗಶ್ರೀಗೆ ಈಗೊಂದು ಆಸೆ: ಮಲ್ಲಕ್ಕನ ದನಿಯಲ್ಲೇ ಅಂಕಿಗಳ ಆಟವೂ ಆಗಬೇಕು. ಮಲ್ಲಕ್ಕ ಕುರಿ ಮಾರಿ, ಮದಕರಿಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಕಳೆದ ಭಾನುವಾರ ನಾಗಶ್ರೀ ಅಲ್ಲಿಗೆ ಹೋಗಿ ಮೊಬೈಲ್ ಮುಂದಿಟ್ಟು, ರಾಗಿ ಅಳೆಯುತ್ತಾ ಎಣಿಸಲು ಹೇಳಿದರು. ಮಲ್ಲಕ್ಕ ಸೇರು ತುಂಬಿ ಸುರಿದು ಶುರುಮಾಡಿದರು: "ಲಾಭ... ಎರಡು... ಮೂರು..."

"ಒಂದು ಅನ್ನು ಮಲ್ಲಕ್ಕ, ಮಕ್ಕಳಿಗಿದು."

"ರಾಗಿ ಅಳೆಯೋವಾಗ ಮೊದಲ್ನೇ ಸೇರಿಗೆ ಒಂದು ಅಂತಾರೇನೇ? ರಾಶಿ ಒಂದಕ್ಕೇ ನಿಂತೋಗ್ಲಿ ಅಂತಲಾ?"

ನಾಗಶ್ರೀ ಮತ್ತೆ ಹೇಳಿಸಲಿಲ್ಲ. "ಲಾಭ ಅಂತಲೇ ಇರ್ಲಿ ಬಿಡ್ರಿ," ಎನ್ನುತ್ತಾರೆ. "ನಮ್ಮವ್ವನೂ ಹಂಗೇ ಅಳೀತಿದ್ಲು."